ಮನೆಯ ದೊಡ್ಡ ಕ್ಲೀನಿಂಗ್: ಮೇಯಲ್ಲಾ, ಅಕ್ಟೋಬರಲ್ಲಾ? ನಾವೇ ಮಾಡುವುದಾ, ಕಂಪನಿಯನ್ನು ಕರೆಯುವುದಾ?

ಮನೆ ಇಡೀ ಒಮ್ಮೆ ತಿಕ್ಕಿ ತೊಳೆದು ಮುಗಿಸಬೇಕು ಎಂದು ಹೊರಟವರು ಮೊದಲು ಕೇಳುವುದು ಎರಡೇ ಮಾತು. ಯಾರನ್ನು ಕರೆಯುವುದು? ಯಾವ ಲಿಕ್ವಿಡ್ ತರುವುದು? ಮಂಗಳೂರು, ಉಡುಪಿ ಕಡೆಯ ಮನೆಗಳಿಗೆ ಇವೆರಡಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಇದೆ. ತೊಳೆದದ್ದು ಒಣಗುತ್ತದಾ?

ನಮ್ಮಲ್ಲಿ ಜೂನ್ ಮೊದಲ ವಾರ ಶುರುವಾದ ಮಳೆ ಸೆಪ್ಟೆಂಬರ್ ಕೊನೆಯವರೆಗೆ ಹೊಡೆಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಗ್ಗದ ಮೇಲೆ ಹಾಕಿದ ಬೈರಾಸು ಮೂರು ದಿನವಾದರೂ ಒಣಗುವುದಿಲ್ಲ. ಹೀಗಿರುವಾಗ ಗೋಡೆ, ಕಪಾಟು, ಹಾಸಿಗೆ ತೊಳೆದು ಒರೆಸಿದರೆ ಆಗುವುದೇನು? ಕೊಳೆ ಹೋಗುತ್ತದೆ, ತೇವ ಉಳಿಯುತ್ತದೆ. ಹದಿನೈದು ದಿನದಲ್ಲಿ ಅದೇ ಜಾಗದಲ್ಲಿ ಬೂಸ್ಟು ಬರುತ್ತದೆ. ಒಣ ಹವೆಯ ಊರಿನವರು ಹೇಳುವ ಕ್ಲೀನಿಂಗ್ ಉಪಾಯಗಳು ಎಷ್ಟೋ ಸಲ ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಅದಕ್ಕೇ ನಾನು ಎಲ್ಲ ಆಯ್ಕೆಗಳನ್ನೂ ಒಣಗುವ ಲೆಕ್ಕದಲ್ಲೇ ತೂಗಿ ನೋಡುತ್ತೇನೆ. ಯಾವಾಗ, ಯಾರು, ಯಾವುದರಿಂದ, ಈ ಮೂರನ್ನೂ.

ಯಾವಾಗ: ಮೇ, ಚೌತಿ, ಅಥವಾ ದೀಪಾವಳಿ

ಹೆಚ್ಚಿನ ಮನೆಗಳಲ್ಲಿ ಮೂರು ಹೊತ್ತಿಗೆ ಈ ಕೆಲಸದ ನೆನಪಾಗುತ್ತದೆ. ಮಳೆ ಹಿಡಿಯುವ ಮೊದಲು ಮೇಯಲ್ಲಿ. ಚೌತಿಗೆ ಮೊದಲು, ಕ್ರೈಸ್ತರ ಮನೆಗಳಲ್ಲಾದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲು. ಆಮೇಲೆ ನವರಾತ್ರಿ, ದೀಪಾವಳಿಯ ಹೊತ್ತಿಗೆ.

ಮೇಯ ದೊಡ್ಡ ಲಾಭ ಬಿಸಿಲು. ಹತ್ತಿಯ ಹಾಸಿಗೆ, ತಲೆದಿಂಬು, ಚಾಪೆ, ಮರದ ಪೆಟ್ಟಿಗೆ, ಅಟ್ಟದಲ್ಲಿಟ್ಟ ಪಾತ್ರೆ ಪಗಡಿ ಎಲ್ಲ ಅಂಗಳಕ್ಕೆ ಬಂದರೆ ಸಂಜೆಯೊಳಗೆ ಗರಿಗರಿ. ದೊಡ್ಡ ಕಷ್ಟ ನೀರು. ಮಂಗಳೂರಿಗೆ ನೀರು ಬರುವುದು ನೇತ್ರಾವತಿಗೆ ಕಟ್ಟಿದ ತುಂಬೆ ಕಿಂಡಿ ಅಣೆಕಟ್ಟಿನಿಂದ. ಉಡುಪಿ ಪೇಟೆ ಬಹುಕಾಲ ನೆಚ್ಚಿಕೊಂಡದ್ದು ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನು. 2019ರ ಬೇಸಿಗೆಯಲ್ಲಿ ಎರಡೂ ಕಡೆ ನೀರಿಗೆ ರೇಷನ್ ಆಗಿತ್ತು. ಬಾವಿ ಇರುವ ಮನೆಗಳಲ್ಲೂ ಮೇಯಲ್ಲಿ ಪಂಪು ಹತ್ತು ನಿಮಿಷ ಓಡಿದರೆ ತಳ ಕಾಣುತ್ತದೆ. ಆ ಹೊತ್ತಿನಲ್ಲಿ ಪೈಪು ಹಿಡಿದು ಅಂಗಳ ತೊಳೆಯುವುದು ಸರಿಯಲ್ಲ. ಪಕ್ಕದ ಮನೆಯವರು ಟ್ಯಾಂಕರಿಗೆ ಫೋನು ಮಾಡುತ್ತಿರುತ್ತಾರೆ.

ಚೌತಿಯ ಹೊತ್ತಿಗೆ ನೀರಿಗೆ ಬರವಿಲ್ಲ, ಬಿಸಿಲಿಗೆ ಬರ. ನೆಂಟರು ಬರುತ್ತಾರೆ, ದೇವರ ಕೋಣೆ, ಚಾವಡಿ ಚಂದ ಕಾಣಬೇಕು. ಅಷ್ಟಕ್ಕೇ ನಿಲ್ಲಿಸಿ. ಬಲೆ ತೆಗೆಯುವುದು, ನೆಲ ಒರೆಸುವುದು, ಹಿತ್ತಾಳೆ ದೀಪ ಬೆಳಗುವುದು, ಅಡುಗೆ ಮನೆಯ ಕಟ್ಟೆ ತಿಕ್ಕುವುದು. ಗೋಡೆ ತೊಳೆಯಲು, ಸೋಫಾ ಶಾಂಪೂ ಮಾಡಿಸಲು ಹೋಗಬೇಡಿ. ಸೋಫಾದ ಒಳಗಿನ ಫೋಮಿಗೆ ಹೋದ ನೀರು ಆ ಹವೆಯಲ್ಲಿ ಹೊರಗೆ ಬರುವುದಿಲ್ಲ.

ಅಕ್ಟೋಬರಿನಲ್ಲಿ ಎರಡೂ ಇದೆ. ಬಾವಿ ತುಂಬಿರುತ್ತದೆ, ಬಿಸಿಲು ಮರಳಿರುತ್ತದೆ. ಒಂದೇ ಎಚ್ಚರ, ಆ ತಿಂಗಳು ಸಂಜೆಗೆ ಗುಡುಗಿನ ಮಳೆ ಬರುವುದುಂಟು. ಹೊರಗೆ ಹಾಕಿದ್ದು ಮಧ್ಯಾಹ್ನ ಮೂರು ಗಂಟೆಯೊಳಗೆ ಒಳಗೆ ಬಂದಿರಬೇಕು.

ವರ್ಷಕ್ಕೆ ಒಂದೇ ಸಲ ಮಾಡುತ್ತೇವೆ ಎನ್ನುವವರಿಗೆ ನನ್ನ ಉತ್ತರ ಅಕ್ಟೋಬರ್. ಎರಡು ಸಲ ಆಗುತ್ತದೆ ಎಂದಾದರೆ ಒಣ ಕೆಲಸ ಮೇಯಲ್ಲಿ, ನೀರಿನ ಕೆಲಸ ಅಕ್ಟೋಬರಲ್ಲಿ. ಅಟ್ಟ ಖಾಲಿ ಮಾಡುವುದು, ಮಾಡಿನ ಮರದ ಪಕ್ಕಾಸು ರೀಪುಗಳ ಮೇಲಿನ ಧೂಳು ತೆಗೆಯುವುದು, ಒಡೆದ ಹಂಚು ಬದಲಾಯಿಸುವುದು, ಮಾಡಿನ ನೀರು ಹರಿಯುವ ದಂಬೆಯಲ್ಲಿ ಕೂತ ಎಲೆ ತೆಗೆಯುವುದು, ಪುಸ್ತಕ ಬಟ್ಟೆ ಹಾಸಿಗೆಗೆ ಬಿಸಿಲು ತೋರಿಸುವುದು ಎಲ್ಲ ಮೇ. ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುವ ಮನೆಯವರು ಅದನ್ನೂ ಆಗಲೇ ಮುಗಿಸಿ. ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಗೋಡೆಯ ಬೂಸ್ಟು, ಬಚ್ಚಲು, ಪರದೆ, ಅಂಗಳದ ಪಾಚಿ, ನೀರಿನ ಟ್ಯಾಂಕಿ ಎಲ್ಲ ಅಕ್ಟೋಬರ್. ಹೇಗೂ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಲೇಬೇಕು ಅಲ್ವಾ, ಆ ವಾರಕ್ಕೇ ಸೇರಿಸಿಕೊಳ್ಳಬಹುದು.

ಹಾಸಿಗೆಯ ಬಗ್ಗೆ ಒಂದು ಮಾತು. ಹತ್ತಿ ಮತ್ತು ನಾರಿನ ಹಾಸಿಗೆ ಉರಿ ಬಿಸಿಲಿಗೆ ಹಾಕಬಹುದು. ಫೋಮ್, ಲೇಟೆಕ್ಸ್ ಹಾಸಿಗೆಯನ್ನು ಹಾಕಬೇಡಿ. ಬಿಸಿಲಿಗೆ ಅವು ಹಳದಿಯಾಗಿ ಪುಡಿಯಾಗುತ್ತವೆ. ಗಾಳಿಯಾಡುವ ನೆರಳಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಸಾಕು. ರೇಷ್ಮೆ ಸೀರೆಗೂ ನೆರಳೇ.

ಯಾರು: ಮನೆಯವರು, ಕೆಲಸಕ್ಕೆ ಬರುವ ಅಕ್ಕ, ಕಂಪನಿ

ಇಲ್ಲಿ ಒಂದನ್ನೇ ಆರಿಸಬೇಕೆಂದಿಲ್ಲ. ಕೆಲಸವನ್ನು ಹಂಚಿಕೊಂಡರೆ ಖರ್ಚೂ ಕಡಿಮೆ, ಫಲವೂ ಚೆನ್ನಾಗಿರುತ್ತದೆ.

ಮನೆಯವರೇ ಮಾಡಬೇಕಾದ್ದು ಯಾವುದು? ಇಟ್ಟುಕೊಳ್ಳುವುದಾ, ಬಿಡುವುದಾ ಎಂದು ತೀರ್ಮಾನ ಬೇಕಾದ ಎಲ್ಲವೂ. ಅಟ್ಟ, ಕಪಾಟು, ಕಾಗದಪತ್ರ, ಮದ್ದಿನ ಡಬ್ಬ, ಮಸಾಲೆ ಡಬ್ಬ. ಅಜ್ಜಿಯ ಕಾಲದ ಕಂಚಿನ ಬಟ್ಟಲು ಯಾವುದು, ಗುಜರಿಗೆ ಹಾಕುವ ತೂತಾದ ಪಾತ್ರೆ ಯಾವುದು ಎಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಇದನ್ನು ಮೊದಲೇ ಮುಗಿಸದೆ ಯಾರನ್ನೂ ಕರೆಯಬೇಡಿ. ಕರೆದರೆ ಸಾಮಾನು ಅತ್ತಿಂದಿತ್ತ ಸರಿಸುವುದಕ್ಕೇ ಅರ್ಧ ದಿನದ ಹಣ ಹೋಗುತ್ತದೆ.

ದಿನಾ ಮನೆಗೆ ಬರುವ ಅಕ್ಕನಿಗೆ ನಿಮ್ಮ ಮನೆಯ ಮೂಲೆ ಮೂಲೆ ಗೊತ್ತು. ಯಾವ ಕಿಟಕಿಯ ಕೊಂಡಿ ಸಡಿಲ, ಯಾವ ಟೈಲ್ಸಿನ ಕೆಳಗೆ ನೀರು ನಿಲ್ಲುತ್ತದೆ ಎಂಬುದೆಲ್ಲ. ಕಾವಿ ನೆಲ, ಹಿತ್ತಾಳೆ, ಮರದ ಬಾಗಿಲು ಇರುವ ಹಳೆ ಮನೆಗೆ ಇವರ ಕೈಯೇ ಒಳ್ಳೆಯದು. ಆದರೆ ದೊಡ್ಡ ಕ್ಲೀನಿಂಗ್ ದಿನನಿತ್ಯದ ಕೆಲಸದೊಳಗೆ ಸೇರಿದ್ದಲ್ಲ. "ಇವತ್ತೊಂದಿನ ಸ್ವಲ್ಪ ಜಾಸ್ತಿ ಮಾಡಿಬಿಡಿ ಅಕ್ಕಾ" ಎಂದು ಹೇಳಿ ಸುಮ್ನೆ ಇರುವುದು ಅನ್ಯಾಯ. ಎಷ್ಟು ದಿನ, ದಿನಕ್ಕೆ ಎಷ್ಟು ಸಂಬಳ ಎಂದು ಮೊದಲೇ ಕೂತು ಮಾತಾಡಿ. ಊಟ, ಚಾ ಮನೆಯಲ್ಲೇ ಆಗಲಿ. ಗ್ಲೌಸ್, ಮಾಸ್ಕ್ ನೀವು ತಂದುಕೊಡಿ. ಏಣಿ ಹತ್ತುವ ಕೆಲಸ, ಆ್ಯಸಿಡ್ ಮುಟ್ಟುವ ಕೆಲಸ ಅವರಿಗೆ ಹೇಳಲೇಬೇಡಿ. ಬಿದ್ದು ಕೈಕಾಲು ಮುರಿದರೆ ಅವರ ಮನೆಯ ಎರಡು ತಿಂಗಳ ಊಟಕ್ಕೇ ಕುತ್ತು.

ಕಂಪನಿಯವರು ಬೆಲೆಗೆ ತಕ್ಕ ಕೆಲಸ ಮಾಡುವುದು ಫ್ಲಾಟುಗಳಲ್ಲಿ. ವಿಟ್ರಿಫೈಡ್ ಟೈಲ್ಸಿನ ನೆಲ, ದೊಡ್ಡ ಗಾಜು, ಮೂರು ಬಚ್ಚಲು, ಜಿಡ್ಡು ಹಿಡಿದ ಚಿಮಣಿ. ಅವರಲ್ಲಿ ನೆಲ ತಿಕ್ಕುವ ಮೆಶಿನ್, ನೀರು ಹೀರುವ ವ್ಯಾಕ್ಯೂಮ್ ಇರುತ್ತದೆ. ನೀರು ಹೀರುವ ಆ ಮೆಶಿನ್ ನಮ್ಮ ಹವೆಗೆ ದೊಡ್ಡ ಉಪಕಾರ, ತೊಳೆದ ನೆಲ ಬೇಗ ಒಣಗುತ್ತದೆ. ಹೊಸದಾಗಿ ಕಟ್ಟಿದ ಅಥವಾ ಪೇಂಟ್ ಮಾಡಿಸಿದ ಮನೆಗೂ ಇವರೇ ಸರಿ. ಸಿಮೆಂಟಿನ ಕಲೆ ತೆಗೆಯುವುದು ಮನೆಯವರ ಕೈಲಾಗುವ ಕೆಲಸವಲ್ಲ.

ಫೋನಿನಲ್ಲಿ ರೇಟು ಕೇಳುವಾಗ ಇಷ್ಟನ್ನು ಕೇಳಿಕೊಳ್ಳಿ. ಕಪಾಟಿನ ಒಳಗೂ ಒರೆಸುತ್ತೀರಾ, ಹೊರಗೆ ಮಾತ್ರವಾ? ಫ್ಯಾನು, ಬಾಲ್ಕನಿ, ಕಿಟಕಿಯ ಗ್ರಿಲ್ ಸೇರಿದೆಯಾ? ಸೋಫಾ, ಹಾಸಿಗೆಗೆ ಬೇರೆ ಹಣವಾ? ಎಷ್ಟು ಜನ ಬರುತ್ತೀರಿ, ಎಷ್ಟು ಗಂಟೆ ಇರುತ್ತೀರಿ? ಏಣಿ ನಿಮ್ಮದಾ? ಹೇಳಿದ ರೇಟಿಗೆ ಜಿಎಸ್‌ಟಿ ಸೇರಿದೆಯಾ? ನೆಲಕ್ಕೆ ಯಾವ ಕೆಮಿಕಲ್ ಹಾಕುತ್ತೀರಿ? ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿ. ಉತ್ತರ ಬಾಯಿಮಾತಲ್ಲಿ ಬೇಡ, ವಾಟ್ಸಾಪಿನಲ್ಲಿ ಬರೆದು ಕಳಿಸಲು ಹೇಳಿ. ಬೆಳಿಗ್ಗೆಯೇ ಬರಲು ಹೇಳಿ. ಹಗಲಿನ ಬೆಳಕಲ್ಲಿ ಒಂದು ಸುತ್ತು ನೋಡಿ ಆದಮೇಲೆ ಬಾಕಿ ಹಣ ಕೊಡಿ. ಟ್ಯೂಬ್‌ಲೈಟಿನಲ್ಲಿ ಗಾಜಿನ ಕಲೆ ಕಾಣುವುದೇ ಇಲ್ಲ.

ಒಂದು ಮಾತಂತೂ ಗಟ್ಟಿಯಾಗಿ ಹೇಳಬೇಕು. ಮೇಲಿನ ಮಹಡಿಯ ಕಿಟಕಿಯ ಹೊರಗೆ ಸನ್‌ಶೇಡಿನ ಮೇಲೆ ನಿಂತು ಗಾಜು ಒರೆಸಲು ಯಾರಿಗೂ ಬಿಡಬೇಡಿ, ಅವರೇ "ಏನೂ ಆಗುವುದಿಲ್ಲ ಸರ್" ಎಂದರೂ. ಸೇಫ್ಟಿ ಬೆಲ್ಟ್ ಮತ್ತು ಅದನ್ನು ಕಟ್ಟಲು ಗಟ್ಟಿ ಜಾಗ ಇಲ್ಲದಿದ್ದರೆ ಆ ಗಾಜಿನ ಹೊರಮೈ ಹಾಗೇ ಇರಲಿ.

ಪ್ರೆಶರ್ ವಾಷರ್ ಬಗ್ಗೆಯೂ ಜನ ಕೇಳುತ್ತಾರೆ. ಕಾಂಕ್ರೀಟ್ ಅಂಗಳಕ್ಕೆ, ಕಾಂಪೌಂಡಿಗೆ, ಕಾರಿಗೆ ಆದೀತು. ಪ್ಲಾಸ್ಟರ್ ಮಾಡದ ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆಗೆ ಬೇಡ. ಕಲ್ಲು ಮೆದು, ತೂತು ತೂತು. ನೀರಿನ ರಭಸಕ್ಕೆ ಮೈ ಉದುರುತ್ತದೆ, ಸಂದಿನ ಗಾರೆಯೂ ಹೋಗುತ್ತದೆ. ಹಳೆ ಹಂಚಿಗೂ ಬೇಡ. ಇಂಟರ್‌ಲಾಕ್ ಅಂಗಳಕ್ಕೆ ಬಿಟ್ಟರೆ ಸಂದಿನ ಮರಳು ಹಾರಿಹೋಗಿ ಕಲ್ಲು ಅಲ್ಲಾಡುತ್ತದೆ.

ಯಾವುದರಿಂದ: ನೆಲ ನೋಡಿ ಬಾಟಲಿ ಆರಿಸಿ

ಅಂಗಡಿಯ ಕಪಾಟಿನಲ್ಲಿ ಇಪ್ಪತ್ತು ಬಣ್ಣದ ಬಾಟಲಿಗಳಿದ್ದರೂ ಕೆಲಸ ಮಾಡುವ ಬಗೆ ನಾಲ್ಕೇ. ಸೋಪಿನ ಜಾತಿ, ಹುಳಿಯ ಜಾತಿ, ಸೋಡಾದ ಜಾತಿ, ಬ್ಲೀಚಿನ ಜಾತಿ. ಯಾವ ಕೊಳೆಗೆ ಯಾವುದು ಎಂದು ಗೊತ್ತಾದರೆ ಅರ್ಧ ಖರ್ಚು ಉಳಿಯುತ್ತದೆ.

ಧೂಳು, ಸಾಮಾನ್ಯ ಕೊಳೆಗೆ ಸೋಪಿನ ನೀರು. ಇದು ಯಾವ ನೆಲಕ್ಕೂ ತೊಂದರೆ ಕೊಡುವುದಿಲ್ಲ. ತೆಂಗಿನೆಣ್ಣೆಯಲ್ಲಿ ಕರಿದು ಕರಿದು ಅಡುಗೆ ಮನೆಯ ಗೋಡೆಯಲ್ಲಿ ಕೂತ ಅಂಟು ಜಿಡ್ಡಿಗೆ ಬಿಸಿನೀರು ಮತ್ತು ವಾಷಿಂಗ್ ಸೋಡಾ. ಆದರೆ ಚಿಮಣಿಯ ಜಾಲರಿ ಅಲ್ಯೂಮಿನಿಯಮಿನದ್ದಾದರೆ ಸೋಡಾ ಹಾಕಬೇಡಿ, ಕಪ್ಪಾಗುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬಿಸಿನೀರು ಸಾಕು, ಸ್ವಲ್ಪ ಹೊತ್ತು ನೆನೆಸಿಡಿ. ಸ್ಟೀಲಿನದ್ದಾದರೆ ಸೋಡಾ ಆಗುತ್ತದೆ.

ವಿನೆಗರ್ ಮತ್ತು ಅಡುಗೆ ಸೋಡಾ ಸೇರಿಸಿ ಬಾಟಲಿ ತುಂಬಿಸಿಡುವ ವಿಡಿಯೋಗಳು ಬಹಳ ಬರುತ್ತವೆ. ಎರಡೂ ಸೇರಿದರೆ ಬುಸ್ಸೆಂದು ನೊರೆ ಬರುತ್ತದೆ, ನೋಡಲು ಚಂದ. ಆದರೆ ಒಂದರ ಶಕ್ತಿಯನ್ನು ಇನ್ನೊಂದು ಕೊಲ್ಲುತ್ತದೆ. ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರಿನಂಥದ್ದು. ಬೇರೆ ಬೇರೆಯಾಗಿ ಬಳಸಿ, ಎರಡೂ ಒಳ್ಳೆಯವೇ.

ಹುಳಿಯ ಜಾತಿಯದ್ದು ಎಲ್ಲಿ ಬೇಕು? ನಲ್ಲಿಯ ಸುತ್ತ ಕಟ್ಟಿದ ಬಿಳಿ ಕಲೆಗೆ, ಮತ್ತು ನಮ್ಮಲ್ಲಿ ಬಹಳ ಕಾಣುವ ಕೆಂಪು ಕಲೆಗೆ. ಈ ಕೆಂಪು ಕಲೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುರಕಲ್ಲು ಮಣ್ಣಿನ ಬಾವಿ, ಬೋರ್‌ವೆಲ್ಲಿನ ನೀರಲ್ಲಿ ಕಬ್ಬಿಣದ ಅಂಶ ಇರುತ್ತದೆ. ಎತ್ತುವಾಗ ನೀರು ತಿಳಿಯಾಗಿಯೇ ಇರುತ್ತದೆ, ಗಾಳಿ ತಾಗಿದ ಮೇಲೆ ತುಕ್ಕಿನ ಬಣ್ಣ ಕೂರುತ್ತದೆ. ಬಕೆಟಿನ ಒಳಮೈ, ಕಮೋಡಿನಲ್ಲಿ ನೀರು ಇಳಿಯುವ ಗೆರೆ, ಬಿಳಿ ಬಟ್ಟೆ ಎಲ್ಲ ಕಂದುಕೆಂಪು. ಇದನ್ನು ಬೆಳ್ಳಗೆ ಮಾಡಲು ಜನ ಬ್ಲೀಚ್ ಸುರಿಯುತ್ತಾರೆ. ಅದು ತಿರುಗುಬಾಣ. ಬ್ಲೀಚ್ ಕಬ್ಬಿಣವನ್ನು ಇನ್ನಷ್ಟು ತುಕ್ಕಾಗಿಸಿ ಕಲೆಯನ್ನು ಗಟ್ಟಿ ಮಾಡುತ್ತದೆ. ಇದಕ್ಕೆ ಹುಳಿಯೇ ಮದ್ದು. ಹಿತ್ತಲಲ್ಲಿ ಬಿಂಬುಳಿ ಮರ ಇದ್ದರೆ ಅಂಗಡಿಗೆ ಹೋಗಬೇಕೆಂದೂ ಇಲ್ಲ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳ ಇದೆ, ತುಕ್ಕಿನ ಕಲೆ ಬಿಡಿಸುವುದು ಅದೇ. ಹಣ್ಣಾದ ನಾಲ್ಕು ಬಿಂಬುಳಿ ಜಜ್ಜಿ, ಬಕೆಟಿನ ಒಳಗೆ ಉಜ್ಜಿ, ಅರ್ಧ ಗಂಟೆ ಬಿಡಿ. ಕಂದು ಪದರ ಬೆರಳಿಗೆ ಜಾರಿದಂತೆ ಬಿಟ್ಟು ಬರುತ್ತದೆ, ಕೆಳಗಿನ ಪ್ಲಾಸ್ಟಿಕ್ಕಿನ ನಿಜ ಬಣ್ಣ ಕಾಣುತ್ತದೆ. ಹಿತ್ತಾಳೆ, ತಾಮ್ರಕ್ಕೂ ಬಿಂಬುಳಿ ಅಥವಾ ಹುಣಸೆಹುಳಿ. ಉಜ್ಜಿದ ಮೇಲೆ ಚೆನ್ನಾಗಿ ತೊಳೆದು ಕೂಡಲೇ ಒಣಬಟ್ಟೆಯಲ್ಲಿ ಒರೆಸಿ. ಹುಳಿ ಉಳಿದರೆ ಮರುದಿನ ಹಸಿರು ಕಟ್ಟುತ್ತದೆ.

ಆದರೆ ಹುಳಿ ತಾಗಬಾರದ ನೆಲಗಳಿವೆ. ಮಾರ್ಬಲ್, ಮೊಸಾಯಿಕ್, ಕಡಪ ಕಲ್ಲು. ಇವೆಲ್ಲದರಲ್ಲಿ ಸುಣ್ಣದ ಅಂಶ ಇದೆ. ಹುಳಿ ಬಿದ್ದಲ್ಲಿ ಹೊಳಪು ಹೋಗಿ ಒರಟಾಗುತ್ತದೆ, ಆಮೇಲೆ ಪಾಲಿಶ್ ಮಾಡಿಸುವುದೊಂದೇ ದಾರಿ. ನಿಮ್ಮ ನೆಲ ಯಾವುದು ಎಂದು ಅನುಮಾನವಾ? ಕಪಾಟಿನ ಹಿಂದೆ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ತೊಟ್ಟು ನಿಂಬೆರಸ ಹಾಕಿ, ಬಗ್ಗಿ ನೋಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಆ ನೆಲಕ್ಕೆ ಹುಳಿ, ಆ್ಯಸಿಡ್, ವಿನೆಗರ್ ಯಾವುದೂ ಬೇಡ. ಕೂಡಲೇ ನೀರು ಹಾಕಿ ಒರೆಸಿಬಿಡಿ. ಕಂಪನಿಯವರು ಬಂದಾಗಲೂ ಈ ಮಾತು ಮೊದಲೇ ಹೇಳಿ.

ಕಾವಿ ನೆಲ ಇರುವವರು ಪುಣ್ಯವಂತರು. ಆ ತಂಪು ಯಾವ ಟೈಲ್ಸಿಗೂ ಬರುವುದಿಲ್ಲ. ಅದಕ್ಕೆ ಆ್ಯಸಿಡ್ ಬೇಡ, ಬ್ಲೀಚ್ ಬೇಡ, ಗರಗಸೆಯಂಥ ಒರಟು ಬ್ರಶ್ ಬೇಡ, ತಿಕ್ಕುವ ಮೆಶಿನ್ನೂ ಬೇಡ. ಹದವಾದ ಸೋಪಿನ ನೀರಲ್ಲಿ ಒರೆಸಿ, ಒಣಗಿದ ಮೇಲೆ ತೆಂಗಿನೆಣ್ಣೆಯ ಪಸೆ ಮಾತ್ರ ಇರುವ ಬಟ್ಟೆಯಲ್ಲಿ ಉಜ್ಜಿ. ಎಣ್ಣೆ ಜಾಸ್ತಿಯಾದರೆ ಜಾರುತ್ತದೆ, ಧೂಳೂ ಹಿಡಿಯುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಎಣ್ಣೆಯ ಕೆಲಸ ಅವರು ಓಡಾಡದ ಕಡೆಗೆ ಮಾತ್ರ.

ಬಿಳಿ ಫಿನಾಯಿಲ್ ಕ್ಲೀನ್ ಮಾಡುತ್ತದೆ ಎಂಬುದು ಅದರ ವಾಸನೆ ಹುಟ್ಟಿಸಿದ ನಂಬಿಕೆ. ಕೊಳೆಯ ಮೇಲೆ ಫಿನಾಯಿಲ್ ಹಾಕಿದರೆ ಕೊಳೆಗೆ ಪರಿಮಳ ಬರುತ್ತದೆ ಅಷ್ಟೇ. ಮೊದಲು ಸೋಪು, ಆಮೇಲೆ ನೀರು, ಕೊನೆಗೆ ಬೇಕಿದ್ದರೆ ಫಿನಾಯಿಲ್.

ಬ್ಲೀಚ್ ಬೇಕಾಗುವುದು ಬಚ್ಚಲಿನ ಟೈಲ್ಸ್ ಸಂದಿಯ ಕರಿ ಬೂಸ್ಟಿಗೆ, ಅಂಗಳದ ಪಾಚಿಗೆ. ಬ್ಲೀಚಿಂಗ್ ಪೌಡರ್ ಅಗ್ಗ, ಆದರೆ ನಮ್ಮ ತೇವಕ್ಕೆ ಅದರ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಹೊಸ ಪೊಟ್ಟಣದಲ್ಲಿ ಶೇಕಡಾ 30ರ ಆಸುಪಾಸು ಕ್ಲೋರಿನ್ ಇರುತ್ತದೆ. ಕಳೆದ ವರ್ಷ ಬಿಚ್ಚಿಟ್ಟದ್ದು ಬರೀ ಸುಣ್ಣದ ಪುಡಿಯಂತೆ. ಹೊಸದು ತನ್ನಿ, ಗಾಳಿಯಾಡದ ಡಬ್ಬದಲ್ಲಿಡಿ. ಬಾವಿಕಟ್ಟೆ, ತುಳಸಿಕಟ್ಟೆ, ಗಿಡಗಳ ಬುಡದ ಹತ್ತಿರ ಹಾಕಬೇಡಿ. ಅಲ್ಲಿನ ಪಾಚಿಗೆ ಗಟ್ಟಿ ಕಡ್ಡಿಯ ಹಿಡಿಸೂಡಿ ಹಿಡಿದು ತಿಕ್ಕುವುದೇ ಸರಿ.

ಈಗ ಹೇಳುವುದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಬ್ಲೀಚನ್ನೂ ಟಾಯ್ಲೆಟ್ ಕ್ಲೀನರನ್ನೂ ಒಟ್ಟಿಗೆ ಹಾಕಬಾರದು. ಹೆಚ್ಚಿನ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಅದು ಬ್ಲೀಚಿಗೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಶ್ವಾಸಕೋಶವನ್ನೇ ಸುಡುವಂಥದ್ದು. ಗಾಜು ಒರೆಸುವ ಕೆಲವು ಲಿಕ್ವಿಡ್‌ಗಳಲ್ಲಿ ಅಮೋನಿಯಾ ಇರುತ್ತದೆ, ಅದನ್ನು ಬ್ಲೀಚಿಗೆ ಸೇರಿಸಿದರೂ ವಿಷದ ಅನಿಲವೇ. ನಮ್ಮ ಬಚ್ಚಲುಗಳು ಚಿಕ್ಕವು, ಮಳೆಗೆ ಹೆದರಿ ಕಿಟಕಿ ಮುಚ್ಚಿರುತ್ತೇವೆ. ಕಲೆ ಹೋಗಲಿಲ್ಲ ಎಂದು ಒಂದರ ಮೇಲೊಂದು ಸುರಿಯುವುದು ಇಂಥಲ್ಲೇ. ಒಂದು ದಿನ ಒಂದೇ ಬಾಟಲಿ. ಇನ್ನೊಂದು ಬೇಕಿದ್ದರೆ ಮರುದಿನ, ನೀರು ಹೊಯ್ದು ಚೆನ್ನಾಗಿ ತೊಳೆದ ಮೇಲೆ. ಕಣ್ಣುರಿ, ಕೆಮ್ಮು ಶುರುವಾದರೆ ಬಾಟಲಿ ಮುಚ್ಚುತ್ತಾ ನಿಲ್ಲಬೇಡಿ, ಬಿಟ್ಟು ಹೊರಗೆ ಬನ್ನಿ. ಉಸಿರಾಟ ಕಷ್ಟವಾದರೆ ನೇರ ಆಸ್ಪತ್ರೆಗೆ.

ಬೂಸ್ಟು ಹಿಡಿದ ಗೋಡೆ

ಮಳೆಗಾಲ ಮುಗಿದ ಮೇಲೆ ಪಶ್ಚಿಮದ ಗೋಡೆಗೆ ಒರಗಿಸಿಟ್ಟ ಕಪಾಟನ್ನು ಸರಿಸಿ ನೋಡಿ. ಮಳೆಗಾಳಿ ಹೊಡೆಯುವುದು ಆ ಕಡೆಯಿಂದಲೇ. ಗೋಡೆಯಲ್ಲಿ ಕಪಾಟಿನದ್ದೇ ಆಕಾರಕ್ಕೆ ಬೂದು ಹಸಿರು ಚುಕ್ಕೆ ಕೂತಿರುತ್ತದೆ. ಕಪಾಟಿನ ಬೆನ್ನಿನ ಪ್ಲೈವುಡ್ ಅಂಚಿನಲ್ಲಿ ಬಿಳಿ ನೂಲಿನಂಥ ಪದರ, ಬೆರಳಿಟ್ಟರೆ ತಣ್ಣಗೆ. ಒಳಗಿನ ಚರ್ಮದ ಬೆಲ್ಟು, ಚಪ್ಪಲಿಗೂ ಅದೇ ಪುಡಿ.

ಒಣ ಬ್ರಶ್ಶಿನಲ್ಲಿ ಉಜ್ಜಿದರೆ ಆ ಪುಡಿ ಇಡೀ ಕೋಣೆಗೆ ಹಾರುತ್ತದೆ. ದಮ್ಮು, ಅಲರ್ಜಿ ಇರುವವರಿಗೆ ಅದು ತಡೆಯುವುದಿಲ್ಲ, ಅವರನ್ನು ಆ ದಿನ ಬೇರೆ ಕೋಣೆಗೆ ಕಳಿಸಿ. ಎನ್95 ಮಾಸ್ಕ್ ಹಾಕಿ, ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಟೈಲ್ಸ್, ಗಾಜಿಗೆ ಬ್ಲೀಚ್ ಸರಿ. ಪ್ಲಾಸ್ಟರ್, ಮರ, ಮುರಕಲ್ಲಿಗೆ ಬ್ಲೀಚ್ ಹಾಕಿದರೆ ಮೇಲ್ಮೈ ಬೆಳ್ಳಗಾಗುತ್ತದೆ, ಬೇರು ಒಳಗೇ ಇರುತ್ತದೆ. ಮೇಲಾಗಿ ಇನ್ನಷ್ಟು ನೀರು ಕುಡಿಸಿದಂತಾಗುತ್ತದೆ. ಒರೆಸಿ, ಫ್ಯಾನು ಹಾಕಿ, ಕಿಟಕಿ ತೆರೆದು ಎರಡು ದಿನ ಒಣಗಲು ಬಿಡಿ. ಆಮೇಲೂ ಅದೇ ಜಾಗ ತೇವವಾಗುತ್ತಿದ್ದರೆ ಹೊರಗೆ ಬಿರುಕೋ ಪೈಪಿನ ಸೋರಿಕೆಯೋ ಇದೆ. ಅದನ್ನು ಸರಿಮಾಡಿಸದೆ ಪೇಂಟ್ ಹೊಡೆಸುವುದು ದುಡ್ಡು ದಂಡ.

ಕಪಾಟನ್ನು ವಾಪಸು ಇಡುವಾಗ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಬಟ್ಟೆಗಳ ನಡುವೆ ನುಸಿಗುಳಿಗೆ ಹಾಕುವವರು ಕೂಸಿನ ಬಟ್ಟೆಗೆ ಮಾತ್ರ ಹಾಕಬೇಡಿ. ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆ ಇರುವ ಮಕ್ಕಳಲ್ಲಿ ಆ ಗುಳಿಗೆಯ ನ್ಯಾಫ್ತಲೀನ್ ರಕ್ತಕಣಗಳನ್ನು ಒಡೆಯುತ್ತದೆ, ಆ ಕೊರತೆ ಇದೆಯೆಂದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ಮಲ್ಪೆ, ಉಳ್ಳಾಲ, ಸುರತ್ಕಲ್ ಹೀಗೆ ಕಡಲ ಬದಿಯ ಮನೆಗಳಿಗೆ ಇನ್ನೊಂದು ಕೆಲಸ ಇದೆ. ಗ್ರಿಲ್ಲು, ಫ್ರಿಜ್ಜಿನ ಹಿಂಬದಿ, ಕಿಟಕಿಯ ಹಳಿಯಲ್ಲಿ ಉಪ್ಪು ಕೂರುತ್ತದೆ. ಉಪ್ಪು ತೇವ ಎಳೆಯುತ್ತದೆ, ತೇವ ತುಕ್ಕು ತರುತ್ತದೆ. ಮೊದಲು ಬರೀ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಉಳಿದದ್ದು. ಫ್ರಿಜ್ಜಿನ ಪ್ಲಗ್ ಕಿತ್ತ ಮೇಲೆ.

ಹಿಂದಿನ ದಿನದ ತಯಾರಿ

ಕೆಲಸ ಶುರುವಾದ ಮೇಲೆ ಅಂಗಡಿಗೆ ಓಡಬಾರದು. ಹಳೆ ಕಾಟನ್ ಬಟ್ಟೆಯ ತುಂಡುಗಳು ಬೇಕಾದಷ್ಟು, ಎರಡು ಬಕೆಟ್ (ಒಂದು ಸೋಪಿಗೆ, ಒಂದು ಬರೀ ನೀರಿಗೆ), ಉದ್ದ ಕೋಲಿನ ಬಲೆ ಪೊರಕೆ, ಹಲ್ಲುಜ್ಜುವ ಹಳೆ ಬ್ರಶ್ಶು, ಗ್ಲೌಸ್, ಮಾಸ್ಕ್, ಗಟ್ಟಿ ಚೀಲ. ಏಣಿಯ ಕಾಲು ಅಲ್ಲಾಡುತ್ತದಾ ನೋಡಿ. ಟ್ಯಾಂಕಿ ತುಂಬಿಸಿಡಿ. ಮೆಸ್ಕಾಂ ಆ ದಿನ ಕರೆಂಟು ತೆಗೆಯುವ ಸೂಚನೆ ಕೊಟ್ಟಿದೆಯಾ ನೋಡಿಕೊಳ್ಳಿ.

ಚಿನ್ನ, ಹಣ, ದಾಖಲೆ ಬೀಗ ಹಾಕಿದ ಕಡೆ ಇರಲಿ. ಯಾರ ಮೇಲೂ ಸುಮ್ನೆ ಅನುಮಾನ ಬರದ ಹಾಗೆ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಟಿವಿ, ವೈಫೈಯ ಹಿಂದಿನ ವೈರುಗಳ ಫೋಟೋ ಹೊಡೆದುಕೊಳ್ಳಿ. ಫ್ಯಾನು, ಸ್ವಿಚ್ ಬೋರ್ಡು ಒರೆಸುವಾಗ ಮೇನ್ ಆಫ್. ದೇವರ ಕೋಣೆಯ ಸಾಮಾನು ಬೇರೆ ಡಬ್ಬದಲ್ಲಿ. ಅಡುಗೆ ಮನೆ ಆ ದಿನ ಬಂದ್ ಎಂದುಕೊಳ್ಳಿ. ಬೆಳಿಗ್ಗೆಯೇ ಗಂಜಿ ಮಾಡಿಟ್ಟು, ಉಪ್ಪಿನಕಾಯಿ, ಒಂದು ಚಟ್ನಿ ಇದ್ದರೆ ಎಲ್ಲರಿಗೂ ಊಟವಾಯಿತು.

ಸೌದೆ ಕೊಟ್ಟಿಗೆ, ಅಟ್ಟ, ಸ್ಟೋರ್ ರೂಮಿಗೆ ಕೈಹಾಕುವವರು ಇಲಿಜ್ವರದ ನೆನಪಿಟ್ಟುಕೊಳ್ಳಿ. ಇಲಿಯ ಮೂತ್ರದಿಂದ ಬರುವ ಈ ಜ್ವರ ನಮ್ಮ ಎರಡೂ ಜಿಲ್ಲೆಗಳಿಗೆ ಹೊಸದಲ್ಲ. ಕೈಕಾಲಲ್ಲಿ ಗಾಯ ಇದ್ದವರು ಆ ಕೆಲಸ ಮಾಡಬಾರದು. ಇಲಿ ಹಿಕ್ಕೆಯನ್ನು ಗುಡಿಸಬೇಡಿ, ಬ್ಲೀಚ್ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ತೆಗೆಯಿರಿ. ಆಮೇಲಿನ ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ "ಅಟ್ಟ ಕ್ಲೀನ್ ಮಾಡಿದ್ದೆ" ಎಂದು ಹೇಳಲು ಮರೆಯಬೇಡಿ.

ಕೆಲಸದ ಕ್ರಮ ಮೇಲಿನಿಂದ ಕೆಳಕ್ಕೆ, ಒಣದಿಂದ ಹಸಿಗೆ, ಒಳಗಿನಿಂದ ಬಾಗಿಲ ಕಡೆಗೆ. ದಿನಕ್ಕೆ ಎರಡು ಕೋಣೆಗಿಂತ ಜಾಸ್ತಿ ಹಿಡಿಯಬೇಡಿ. ನೀರಿನ ಕೆಲಸ ಮಧ್ಯಾಹ್ನದೊಳಗೆ ಮುಗಿಯಲಿ, ಮಧ್ಯಾಹ್ನದ ನಂತರ ಫ್ಯಾನು, ಗಾಳಿ.

ನೀರಿನ ಟ್ಯಾಂಕಿ ಖಾಲಿ ಮಾಡಿ ಬಿಟ್ಟರೆ ಸಾಲದು, ಒಳಗಿನ ಬದಿಗಳನ್ನು ಬ್ರಶ್ ಹಾಕಿ ತಿಕ್ಕಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಒಣಗಿದ ಬದಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ, ನೀರು ತಾಗಿದ ಕೂಡಲೇ ಮರಿಯಾಗುತ್ತದೆ. 2019ರಲ್ಲಿ ಮಂಗಳೂರು ಡೆಂಗಿಯಿಂದ ಪಟ್ಟ ಪಾಡು ಊರವರಿಗೆ ನೆನಪಿದೆ. ತೊಳೆದು ತುಂಬಿಸಿದ ಮೇಲೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಲೆಕ್ಕ. ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ. ಮುಚ್ಚಳ ಸರಿಯಾಗಿ ಕೂರಬೇಕು.

ತೆಗೆದದ್ದು ಎಲ್ಲಿಗೆ?

ಮಂಗಳೂರಿನ ಕಸ ಹೋಗುವುದು ಪಚ್ಚನಾಡಿಗೆ. 2019ರ ಆಗಸ್ಟಿನ ಮಳೆಗೆ ಆ ಕಸದ ಗುಡ್ಡ ಜರಿದು ಪಕ್ಕದ ಮಂದಾರ ಎಂಬ ಊರಿನ ಮನೆ, ತೋಟಗಳ ಮೇಲೆ ಹೋಯಿತು. ಅಡಿಕೆ, ತೆಂಗಿನ ತೋಟ ಪ್ಲಾಸ್ಟಿಕ್ಕಿನಡಿ ಹೂತುಹೋಯಿತು. ದೊಡ್ಡ ಕ್ಲೀನಿಂಗಿನಲ್ಲಿ ಒಂದು ಮನೆಯಿಂದ ಐದಾರು ಚೀಲ ಹೊರಡುತ್ತದೆ. ಅದನ್ನು ವಿಂಗಡಿಸದೆ ಕಟ್ಟಿ ರಸ್ತೆ ಬದಿಗೆ ಇಡುವುದು ಬೇರೆಯವರ ಅಂಗಳಕ್ಕೆ ಹಾಕಿದ ಹಾಗೆಯೇ.

ಅದಕ್ಕೇ ಮೊದಲ ದಿನದಿಂದಲೇ ಚೀಲ ಬೇರೆ ಬೇರೆ ಇರಲಿ. ಕಬ್ಬಿಣ, ಪೇಪರ್, ಬಾಟಲಿ, ಗಟ್ಟಿ ಪ್ಲಾಸ್ಟಿಕ್ ಗುಜರಿಯವರಿಗೆ. ಅವರನ್ನು ಕ್ಲೀನಿಂಗ್ ಮುಗಿದ ಮರುದಿನಕ್ಕೇ ಬರಹೇಳಿ, ಇಲ್ಲದಿದ್ದರೆ ಚೀಲ ಮತ್ತೆ ಅಟ್ಟ ಹತ್ತುತ್ತದೆ. ಉಡುವಂಥ ಬಟ್ಟೆ ಒಗೆದು, ಮಡಚಿ ಬೇಕಾದವರಿಗೆ ಕೊಡಿ. ಹರಿದದ್ದು ಒರೆಸುವ ಬಟ್ಟೆಯಾಗಲಿ. ಹಳೆ ಮೊಬೈಲು, ಚಾರ್ಜರ್, ಬ್ಯಾಟರಿ, ಟ್ಯೂಬ್‌ಲೈಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ "ಗಾಜು" ಎಂದು ಬರೆದು ಕೊಡಿ. ಆ ಚೀಲ ಎತ್ತುವವರು ಬರಿಗೈಯಲ್ಲಿ ಇರುತ್ತಾರೆ. ಉಳಿದ ಆ್ಯಸಿಡ್, ಪೇಂಟ್, ಕೀಟನಾಶಕವನ್ನು ಚರಂಡಿಗೆ ಚೆಲ್ಲಬೇಡಿ, ಬಾಟಲಿಯಲ್ಲೇ ಬಿಗಿಯಾಗಿ ಮುಚ್ಚಿ, ಏನೆಂದು ಬರೆದು, ಕಸದ ಗಾಡಿಯವರಿಗೆ ಬೇರೆಯಾಗಿ ಕೈಗೆ ಕೊಡಿ.